ಮರಿ ಹಾಕಿದ ಆಡು ಸೊರಗಿದೆ, ಹಿಂಡಿ ಜಾಸ್ತಿ ಮಾಡಲೇ?

ಸೋಮವಾರಪೇಟೆ ಕಡೆಯಿಂದ ಕೇಳಿದ್ದು:
ನಮ್ಮ ಮಲಬಾರಿ ಆಡು ಎರಡು ಮರಿ ಹಾಕಿ ಆರು ವಾರ ಆಯ್ತು. ಮರಿಗಳು ದುಂಡಗಿವೆ. ತಾಯಿ ಮಾತ್ರ ಸೊರಗಿ ಬೆನ್ನುಮೂಳೆ ಎದ್ದಿದೆ. ಮೇವು ತಿನ್ನುತ್ತದೆ, ಆದರೂ ಮೈ ಹಿಡಿಯುತ್ತಿಲ್ಲ. ಹಿಂಡಿ ಜಾಸ್ತಿ ಮಾಡಲೇ? ಅನುಭವ ಇದ್ದವರು ಹೇಳಿ.

ಶನಿವಾರಸಂತೆಯಿಂದ:
ಅಕ್ಕಾ, ಹಿಂಡಿಗೆ ಮೊದಲು ಕಣ್ಣು ನೋಡಿ. ಹಗಲು ಬೆಳಕಿನಲ್ಲಿ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಒಳಗೆ ಕೆಂಪಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಜಂತುಹುಳದ ಅನುಮಾನವೇ ಮೊದಲು ಬರಬೇಕು. ಮರಿ ಹಾಕಿದ ಹೊತ್ತಿನಲ್ಲಿ ತಾಯಿಗೆ ಹುಳ ತಡೆಯುವ ಶಕ್ತಿ ಕಡಿಮೆ. ನಮ್ಮ ಮಳೆಗಾಲದ ಒದ್ದೆ ಹುಲ್ಲಿನಲ್ಲಿ ಆ ಹುಳ ಚೆನ್ನಾಗಿ ಬೆಳೆಯುತ್ತದೆ.

ನಾನು ಇದನ್ನು ತಡವಾಗಿ ಕಲಿತೆ. ನಮ್ಮ ಕರಿ ಆಡು ಸೊರಗಿದಾಗ ಹತ್ತು ದಿನ ಸುಮ್ನೆ ಹಿಂಡಿ ಸುರಿದೆ. ಮರಿಗಳು ಕೆಚ್ಚಲಿಗೆ ಗುದ್ದಿದರೆ ಅದರ ಹಿಂಗಾಲು ನಡುಗುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಗದ್ದದ ಕೆಳಗೆ ಊತ, ಒತ್ತಿದರೆ ನೀರು ತುಂಬಿದ ಚೀಲದ ಹಾಗೆ. ರೆಪ್ಪೆ ಎಳೆದೆ, ಸುಣ್ಣದಷ್ಟು ಬಿಳಿ. ಅವತ್ತೇ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು ಪರೀಕ್ಷೆ ಮಾಡಿ ಔಷಧಿ ಕೊಟ್ಟರು.

ಔಷಧಿ ತೂಕಕ್ಕೆ ಸರಿಯಾಗಿರಬೇಕು. ಅಂದಾಜಿನಲ್ಲಿ ಕಡಿಮೆ ಹಾಕಿದರೆ ಹುಳ ಸಾಯುವುದಿಲ್ಲ, ಔಷಧಿಗೇ ಒಗ್ಗಿಕೊಳ್ಳುತ್ತದೆ. ನಾನು ಮನೆಯ ತೂಕದ ಯಂತ್ರದ ಮೇಲೆ ಒಮ್ಮೆ ಒಬ್ಬನೇ ನಿಂತು, ಇನ್ನೊಮ್ಮೆ ಆಡನ್ನು ಎತ್ತಿಕೊಂಡು ನಿಂತು ಲೆಕ್ಕ ಹಾಕಿದೆ. ಎಷ್ಟು ದಿನ ಹಾಲು ಬಳಸಬಾರದು ಎಂದು ಡಾಕ್ಟರನ್ನೇ ಕೇಳಿ. ಎರಡು ವಾರ ಬಿಟ್ಟು ಹಿಕ್ಕೆ ಮತ್ತೆ ಪರೀಕ್ಷೆ ಮಾಡಿಸಿ. ಇದನ್ನು ದಯವಿಟ್ಟು ಬಿಡಬೇಡಿ.

ಆಮೇಲೆ ಮೇವು. ನನಗೆ ಕೈ ಹಿಡಿದಿದ್ದು ಸೊಪ್ಪು. ಮರಗಸಿಯಲ್ಲಿ, ಅಂದರೆ ತೋಟದ ಮರದ ಕೊಂಬೆ ಸವರುವಾಗ, ಬಿದ್ದ ಹಾಲುವಾಣ, ಹಲಸಿನ ಸೊಪ್ಪನ್ನು ಕಟ್ಟು ಕಟ್ಟಿ ತಲೆಯ ಎತ್ತರಕ್ಕೆ ನೇತು ಹಾಕಿದೆ. ನೆಲದ ಹುಲ್ಲಿಗಿಂತ ಇದು ಎಷ್ಟೋ ಸುರಕ್ಷಿತ. ಜೊತೆಗೆ ಬೇಯಿಸಿದ ಹುರುಳಿ, ಮೆಕ್ಕೆಜೋಳದ ನುಚ್ಚು, ಗೋಧಿ ಬೂಸಾ, ಸ್ವಲ್ಪ ಕಡಲೆಕಾಯಿ ಹಿಂಡಿ. ದಿನಕ್ಕೆ ನೂರು ಗ್ರಾಂನಿಂದ ಶುರು ಮಾಡಿ, ಮೂರು ನಾಲ್ಕು ದಿನಕ್ಕೊಮ್ಮೆ ಐವತ್ತು ಗ್ರಾಂ ಏರಿಸುತ್ತಾ ಅರ್ಧ ಕೆಜಿವರೆಗೆ ಹೋದೆ. ಎರಡು ಹೊತ್ತಿಗೆ ಹಂಚಿ ಕೊಡಿ. ಒಮ್ಮೆಲೇ ಜಾಸ್ತಿ ಹಾಕಿದರೆ ಹೊಟ್ಟೆ ಹುಳಿಯಾಗಿ ಮೆಲುಕೇ ನಿಲ್ಲುತ್ತದೆ. ಅದರಿಂದ ಆಡು ಸತ್ತೂ ಹೋಗಬಹುದು.

ಮನೆಗೆ ಹಾಲು ಕರೆಯುವುದನ್ನು ಸದ್ಯ ನಿಲ್ಲಿಸಿ. ಮರಿಗಳು ಈಗ ಚಿಗುರು ಕಡಿಯುತ್ತವೆ ಅಲ್ವಾ? ಅವಕ್ಕೆ ಬೇರೆ ಬುಟ್ಟಿಯಲ್ಲಿ ಸೊಪ್ಪು ಇಡಿ. ರಾತ್ರಿ ತಾಯಿಯಿಂದ ಬೇರೆ ಕಟ್ಟಿ, ಅದಕ್ಕೂ ಸ್ವಲ್ಪ ಬಿಡುವು ಸಿಗಲಿ.

ಕುಶಾಲನಗರದಿಂದ:
ಮೇಲಿನವರು ಹೇಳಿದ್ದು ಸರಿ. ಇನ್ನೊಂದೆರಡು ಸೇರಿಸುತ್ತೇನೆ. ನಮ್ಮಲ್ಲಿ ಹುಳ ಇರಲಿಲ್ಲ, ಹಲ್ಲು ಸವೆದಿತ್ತು. ಸೊಪ್ಪು ಬಾಯಿಗೆ ಹಾಕಿ ಅರ್ಧ ಅಗಿದು ಉಗುಳುತ್ತಿತ್ತು. ನೆನೆಸಿದ ಮೇವು ಕೊಟ್ಟ ಮೇಲೆ ಚೇತರಿಸಿಕೊಂಡಿತು. ಬೇರೆ ಆಡುಗಳು ಗುದ್ದಿ ಓಡಿಸುತ್ತವಾ ಅಂತಲೂ ನೋಡಿ, ಇದಕ್ಕೆ ಪ್ರತ್ಯೇಕ ಕಟ್ಟಿ ಕೊಡಿ. ಬೇಲಿಯ ಲಂಟಾನ ತಿನ್ನಲು ಬಿಡಬೇಡಿ, ಅದು ಲಿವರ್ ಕೆಡಿಸುತ್ತದೆ. ಮಳೆಗಾಲದಲ್ಲಿ ಉಗುರುಬೆಚ್ಚಗಿನ ನೀರು ಇಟ್ಟರೆ ಜಾಸ್ತಿ ಕುಡಿಯುತ್ತದೆ, ಹಾಲಿಗೆ ಅದೂ ಬೇಕು.

ಶನಿವಾರಸಂತೆಯಿಂದ:
ಮೈ ಬಂತಾ ಅಂತ ಕಣ್ಣಿನಲ್ಲಿ ನೋಡಬೇಡಿ ಅಕ್ಕಾ, ರೋಮ ಮೋಸ ಮಾಡುತ್ತದೆ. ವಾರಕ್ಕೊಮ್ಮೆ ಸೊಂಟದ ಮೇಲೆ ಕೈ ಆಡಿಸಿ. ನಮ್ಮ ಕರಿಗೆ ಮೂಳೆಯ ಅಂಚು ಬೆರಳಿಗೆ ಚುಚ್ಚದ ಹಾಗೆ ಆಗಲು ಎರಡು ತಿಂಗಳು ಹಿಡಿಯಿತು. ನಾಳೆ ರೆಪ್ಪೆ ನೋಡಿ ಬಣ್ಣ ಹೇಗಿದೆ ತಿಳಿಸಿ.