ಆರ್ ನೋಟ್‌ಬುಕ್: ಮೂರು ಕಂಪ್ಯೂಟರ್‌ಗಳಲ್ಲಿ ದತ್ತಾಂಶದ ಪಾತ್ (ಫೈಲ್ ಇರುವ ಜಾಗದ ವಿಳಾಸ) ಮುರಿಯದಂತೆ ಬರೆಯುವುದು ಹೇಗೆ?

ಪ್ರಶ್ನೆ

ನಾವು ಮೂವರು ಸೇರಿ ತಾಲ್ಲೂಕುವಾರು ಮಳೆಯ ಲೆಕ್ಕವನ್ನು ಆರ್ ಮಾರ್ಕ್‌ಡೌನ್‌ನಲ್ಲಿ (ಆರ್ ಭಾಷೆಯ ಕೋಡ್ ಮತ್ತು ಬರಹ ಒಂದೇ ಫೈಲ್‌ನಲ್ಲಿರುವ ನೋಟ್‌ಬುಕ್) ವಿಶ್ಲೇಷಿಸುತ್ತಿದ್ದೇವೆ. ನೋಟ್‌ಬುಕ್ ಗಿಟ್‌ನಲ್ಲಿದೆ (ಬದಲಾವಣೆಗಳ ದಾಖಲೆ ಇಟ್ಟು ಹಂಚಿಕೊಳ್ಳುವ ವ್ಯವಸ್ಥೆ). ದತ್ತಾಂಶ ತೀರಾ ದೊಡ್ಡದಾದ್ದರಿಂದ ಅದು ನನ್ನ ವಿಂಡೋಸ್‌ನ ಡಿ ಡ್ರೈವ್‌ನಲ್ಲಿ, ಒಬ್ಬರ ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲಿ, ಇನ್ನೊಬ್ಬರ ಹಾರ್ಡ್ ಡಿಸ್ಕ್‌ನಲ್ಲಿ ಪ್ರತ್ಯೇಕವಾಗಿ ಇದೆ. ಮೊದಲ ಸಾಲಿನ ಸೆಟ್‌ಡಬ್ಲ್ಯೂಡಿಯನ್ನು (ಕೆಲಸದ ಫೋಲ್ಡರ್ ಯಾವುದೆಂದು ಹೇಳುವ ಆದೇಶ) ಯಾರಾದರೂ ತಮಗೆ ಬೇಕಾದಂತೆ ತಿದ್ದಿ ಕಮಿಟ್ ಮಾಡಿದರೆ (ಗಿಟ್‌ನಲ್ಲಿ ದಾಖಲಿಸಿದರೆ) ಉಳಿದಿಬ್ಬರ ಕೆಲಸ ನಿಲ್ಲುತ್ತದೆ. ಇದು ಸಾಲದೆಂಬಂತೆ, ಕನ್ಸೋಲ್‌ನಲ್ಲಿ ಸರಿಯಾಗಿ ನಡೆಯುವ ಸಾಲೇ ನಿಟ್ (ನೋಟ್‌ಬುಕ್‌ನಿಂದ ವರದಿ ತಯಾರಿಸುವ ಗುಂಡಿ) ಒತ್ತಿದಾಗ ಫೈಲ್ ಸಿಗಲಿಲ್ಲ ಎನ್ನುತ್ತದೆ. ಇದಕ್ಕೆ ಪರಿಹಾರವೇನು?

ಉತ್ತರ 1

ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಬೆರೆತಿವೆ. ಆರ್‌ಸ್ಟುಡಿಯೊ ಪ್ರಾಜೆಕ್ಟ್ ತೆರೆದಾಗ ಕನ್ಸೋಲ್ ಪ್ರಾಜೆಕ್ಟಿನ ಮೂಲ ಫೋಲ್ಡರ್‌ನಲ್ಲಿರುತ್ತದೆ. ನಿಟ್ ಮಾಡುವಾಗ ಮಾತ್ರ ನೋಟ್‌ಬುಕ್ ಫೈಲ್ ಇರುವ ಫೋಲ್ಡರ್ ಲೆಕ್ಕಕ್ಕೆ ಬರುತ್ತದೆ. ಒಂದು ಚಂಕ್‌ನಲ್ಲಿ (ನೋಟ್‌ಬುಕ್‌ನ ಕೋಡ್ ತುಣುಕಿನಲ್ಲಿ) ಸೆಟ್‌ಡಬ್ಲ್ಯೂಡಿ ಬರೆದರೂ ಆ ಚಂಕ್ ಮುಗಿದೊಡನೆ ನಿಟ್‌ಆರ್ (ನಿಟ್ ಕೆಲಸ ಮಾಡುವ ಪ್ಯಾಕೇಜ್) ಹಳೆಯ ಜಾಗಕ್ಕೇ ಮರಳುತ್ತದೆ. ಪ್ರಾಜೆಕ್ಟಿನ ಒಳಗಿನ ಫೈಲ್‌ಗಳಿಗೆ, ಮೂಲ ಫೋಲ್ಡರ್‌ನಿಂದ ಪಾತ್ ಕಟ್ಟಿಕೊಡುವ ಹಿಯರ್ ಪ್ಯಾಕೇಜ್ ಸಾಕು.

ಹೊರಗಿರುವ ದತ್ತಾಂಶಕ್ಕೆ ಕಾನ್ಫಿಗ್ ಪ್ಯಾಕೇಜ್ ಬಳಸಿ. ಮೂಲ ಫೋಲ್ಡರ್‌ನಲ್ಲಿ ಕಾನ್ಫಿಗ್ ಡಾಟ್ ವೈಎಂಎಲ್ ಎಂಬ ಫೈಲ್ ಇಟ್ಟು, ಅದರಲ್ಲಿ ಡಿಫಾಲ್ಟ್ ವಿಭಾಗವನ್ನೂ ಪ್ರತಿಯೊಬ್ಬರಿಗೆ ಒಂದೊಂದು ವಿಭಾಗವನ್ನೂ ಬರೆಯಿರಿ. ಆರ್_ಕಾನ್ಫಿಗ್_ಆಕ್ಟಿವ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಆಯಾ ಕಂಪ್ಯೂಟರ್‌ನಲ್ಲಿ ಹೊಂದಿಸಿಡುವ ಮೌಲ್ಯ) ಯಾವ ಹೆಸರಿದೆಯೋ ಆ ವಿಭಾಗ ಆಯ್ಕೆಯಾಗುತ್ತದೆ. ಆದರೆ ಲೈಬ್ರರಿ ಕರೆಯಿಂದ ಈ ಪ್ಯಾಕೇಜನ್ನು ಲೋಡ್ ಮಾಡಬೇಡಿ, ಅದರ ಗೆಟ್ ಫಂಕ್ಷನ್ ಆರ್‌ನ ಸ್ವಂತ ಗೆಟ್ ಅನ್ನು ಮರೆಮಾಡುತ್ತದೆ. ಪ್ಯಾಕೇಜಿನ ಹೆಸರು, ಎರಡು ಕೋಲನ್, ಆಮೇಲೆ ಗೆಟ್ ಎಂದು ಪೂರ್ತಿಯಾಗಿ ಬರೆಯಿರಿ.

ಉತ್ತರ 2

ಮೇಲಿನ ಉತ್ತರ ಸರಿ, ಆದರೆ ವ್ಯಕ್ತಿಗೊಂದು ವಿಭಾಗ ಎಂಬುದನ್ನು ನಾನು ಒಪ್ಪುವುದಿಲ್ಲ. ಹೊಸಬರು ಬಂದಾಗಲೆಲ್ಲ ಎಲ್ಲರ ಫೈಲ್ ತಿದ್ದಬೇಕಾಗುತ್ತದೆ, ಒಬ್ಬರ ಮನೆಯ ಫೋಲ್ಡರ್ ಹೆಸರು ಗಿಟ್ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಡಿಫಾಲ್ಟ್ ವಿಭಾಗದಲ್ಲಿಯೇ ಎಕ್ಸ್‌ಪ್ರ್ ಟ್ಯಾಗ್ (ಮುಂದಿರುವುದನ್ನು ಆರ್ ಕೋಡ್ ಆಗಿ ನಡೆಸಲು ಹೇಳುವ ಗುರುತು) ಹಾಕಿ ಸಿಸ್ ಡಾಟ್ ಗೆಟ್‌ಎನ್ವ್ (ಎನ್ವಿರಾನ್‌ಮೆಂಟ್ ವೇರಿಯಬಲ್ ಓದುವ ಫಂಕ್ಷನ್) ಮೂಲಕ ಪಾತ್ ತರಿಸಿಕೊಂಡರೆ, ನಿಜವಾದ ಪಾತ್ ಪ್ರತಿಯೊಬ್ಬರ ಡಾಟ್ ಆರ್‌ಎನ್ವಿರಾನ್ ಫೈಲ್‌ನಲ್ಲಿರುತ್ತದೆ (ಆರ್ ಪ್ರಾರಂಭವಾಗುವಾಗ ಇಂಥ ವೇರಿಯಬಲ್‌ಗಳನ್ನು ಓದಿಕೊಳ್ಳುವ ಫೈಲ್). ಅದು ಪ್ರಾಜೆಕ್ಟಿನೊಳಗಿದ್ದರೆ ಗಿಟ್‌ಇಗ್ನೋರ್‌ಗೆ (ಗಿಟ್ ಲೆಕ್ಕಿಸಬಾರದ ಫೈಲ್‌ಗಳ ಪಟ್ಟಿಗೆ) ಸೇರಿಸಿ. ಆಗ ಹೋಮ್ ಫೋಲ್ಡರ್‌ನಲ್ಲಿರುವ ಆರ್‌ಎನ್ವಿರಾನನ್ನು ಆರ್ ಓದುವುದಿಲ್ಲ ಎಂಬುದು ನೆನಪಿರಲಿ. ಇದು ತಿಳಿಯದೆ, ಅಲ್ಲಿಟ್ಟಿದ್ದ ನನ್ನ ಎಪಿಐ ಕೀಗಳು (ಆನ್‌ಲೈನ್ ಸೇವೆ ಬಳಸಲು ಬೇಕಾದ ಗುಪ್ತ ಸಂಕೇತಗಳು) ಎಲ್ಲಿ ಹೋದವೆಂದು ಅರ್ಧ ದಿನ ಹುಡುಕಿದ್ದೇನೆ.

ವೇರಿಯಬಲ್ ಹೊಂದಿಸಲು ಮರೆತರೆ ಗೆಟ್‌ಎನ್ವ್ ದೋಷವನ್ನೇನೂ ತೋರಿಸದೆ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಅದಕ್ಕೆ ಫೈಲ್ ಡಾಟ್ ಪಾತ್ ಫೈಲಿನ ಹೆಸರು ಜೋಡಿಸಿದಾಗ ಓರೆಗೆರೆಯಿಂದ ಆರಂಭವಾಗುವ, ಎಲ್ಲಿಯೂ ಇಲ್ಲದ ಪಾತ್ ಹುಟ್ಟುತ್ತದೆ. ಆದ್ದರಿಂದ ಮೊದಲ ಚಂಕ್‌ನಲ್ಲಿಯೇ ಡಿರ್ ಡಾಟ್ ಎಕ್ಸಿಸ್ಟ್ಸ್‌ನಿಂದ ಫೋಲ್ಡರ್ ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಸ್ಪಷ್ಟ ಸಂದೇಶದೊಂದಿಗೆ ನಿಲ್ಲಿಸಿ. ವಿಂಡೋಸ್‌ನಲ್ಲಿಯೂ ಮುಂದೋರೆ ಗೆರೆಯನ್ನೇ (/) ಬಳಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಎರಡನೆಯ ವಿಧಾನವನ್ನು ಅಳವಡಿಸಿದೆವು. ಆರ್‌ಎನ್ವಿರಾನ್ ತಿದ್ದಿದ ಮೇಲೆ ಆರ್ ಸೆಷನ್ ಮರುಪ್ರಾರಂಭಿಸಬೇಕೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ಈಗ ಮೂವರ ಕಂಪ್ಯೂಟರಿನಲ್ಲಿಯೂ ನಿಟ್ ಆಗುತ್ತಿದೆ. ಉಬುಂಟುವಿನಲ್ಲಿ ಮಾತ್ರ ಒಂದು ಫೈಲ್ ಸಿಗಲಿಲ್ಲ: ಅದರ ಹೆಸರಿನ ಮೊದಲ ಅಕ್ಷರ ದೊಡ್ಡದಿತ್ತು, ನಾನು ಕೋಡ್‌ನಲ್ಲಿ ಚಿಕ್ಕದಾಗಿ ಬರೆದಿದ್ದೆ, ವಿಂಡೋಸ್ ಅದನ್ನು ಇಷ್ಟು ದಿನ ಕ್ಷಮಿಸುತ್ತಿತ್ತು.