ಎಸ್‌ವಿಯುನ 'ಪರ್ಸನಲ್ ಫೌಲ್ಸ್' ಸಂಚಿಕೆ: ಬಾಯಿ ಬಿಡುವ ಭಾರ ಹುಡುಗರ ಮೇಲೇ ಯಾಕೆ?

ರಘು, ತೀರ್ಥಹಳ್ಳಿ

'ಲಾ ಅಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್' (ಎಸ್‌ವಿಯು) ಅನ್ನುವ ಅಮೆರಿಕದ ಪೊಲೀಸ್ ಧಾರಾವಾಹಿಯ 13ನೇ ಸೀಸನ್ನಿನ ಎರಡನೇ ಸಂಚಿಕೆ 'ಪರ್ಸನಲ್ ಫೌಲ್ಸ್' ಮತ್ತೆ ನೋಡಿದೆ. 2011ರ ಸೆಪ್ಟೆಂಬರ್‌ನಲ್ಲಿ ಬಂದಿದ್ದು. ನೋಡದವರಿಗಾಗಿ ಕಥೆ ಇಷ್ಟು. ನ್ಯೂಯಾರ್ಕಿನಲ್ಲಿ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ರೇ ಮಾಸ್ಟರ್ಸ್ ಎಂಬ ಕೋಚ್. ಎಲ್ಲರೂ ಗೌರವ ಕೊಡುವ ಮನುಷ್ಯ. ಅವನು ತನ್ನ ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾನೆ ಅನ್ನುವುದು ಹೊರಗೆ ಬರುತ್ತದೆ. ಅವನ ಕೈಯಲ್ಲೇ ಬೆಳೆದು ಈಗ ದೊಡ್ಡ ಸ್ಟಾರ್ ಆಗಿರುವ ಪ್ರಿನ್ಸ್ ಮಿಲ್ಲರ್ ಮಾತಾಡುತ್ತಾನಾ ಅನ್ನುವುದರ ಮೇಲೆ ಪೊಲೀಸರ ಕಣ್ಣು.

ಡ್ಯಾನ್ ಲೌರಿಯಾ ಕೋಚ್ ಆಗಿ ಚೆನ್ನಾಗಿ ಮಾಡಿದ್ದಾರೆ. ಆದರೆ ನನಗೆ ಒಂದು ಸಂಕಟ ಹಾಗೇ ಉಳಿಯಿತು. ಕಥೆಯ ತೂಕವೆಲ್ಲ ಪ್ರಿನ್ಸ್ ಹೆಗಲ ಮೇಲೆ ಬೀಳುತ್ತದೆ. ನೋವು ತಿಂದವನೇ ಬಂದು ಕೇಸು ಉಳಿಸಬೇಕು. ಅಷ್ಟು ವರ್ಷ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ಹೊಡೆದ ದೊಡ್ಡವರು ಏನು ಮಾಡುತ್ತಿದ್ದರು? ನಿಮಗೆ ಏನನ್ನಿಸಿತು ಹೇಳಿ. ಕೊನೆ ಮಾತ್ರ ಹೇಳಬೇಡಿ, ನೋಡದವರು ಇರ್ತಾರೆ.

ಕಿರಣ್ ಎಂ.

ಇದೇ ಸಂಚಿಕೆಯಲ್ಲಿ ಅಲ್ವಾ ಡಿಟೆಕ್ಟಿವ್ ಅಮಾರೋ ಮೊದಲ ಸಲ ಬರೋದು? ಕಾರ್ಮೆಲೊ ಆಂಥನಿ, ಕ್ರಿಸ್ ಬಾಷ್ ತಮ್ಮದೇ ಹೆಸರಲ್ಲಿ ಬಂದುಹೋಗ್ತಾರೆ. ನಿಜವಾದ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಆಟಗಾರರು ಇಂಥ ಕಥೆಯಲ್ಲಿ ಮುಖ ತೋರಿಸಿದ್ದೇ ದೊಡ್ಡದು ಅಂತ ನನಗೆ ಅನ್ನಿಸಿತು.

ರಘು ಅವರೇ, ನಿಮ್ಮ ಆಕ್ಷೇಪ ನಾನು ಒಪ್ಪಲ್ಲ. ಜಗತ್ತಿನಲ್ಲಿ ನಡೆದಿರುವುದೂ ಹೀಗೇ. ಕೆನಡಾದ ಜೂನಿಯರ್ ಐಸ್ ಹಾಕಿ ತಗೊಳ್ಳಿ. ಗ್ರಹಾಂ ಜೇಮ್ಸ್ ಅಂತ ಕೋಚ್. 1989ರಲ್ಲಿ 'ದಿ ಹಾಕಿ ನ್ಯೂಸ್' ಪತ್ರಿಕೆ ಅವನನ್ನು ವರ್ಷದ ವ್ಯಕ್ತಿ ಅಂತ ಆರಿಸಿತ್ತು. ಅವನ ಮುಖವಾಡ ಕಳಚಿದ್ದು ಶೆಲ್ಡನ್ ಕೆನಡಿ ದೂರು ಕೊಟ್ಟಾಗ. ಕೆನಡಿ ಆಗ ಎನ್‌ಎಚ್‌ಎಲ್ ಅನ್ನುವ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್‌ನಲ್ಲಿ ಆಡುತ್ತಿದ್ದರು. 1997ರ ಜನವರಿಯಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡ, ಮೂರೂವರೆ ವರ್ಷ ಜೈಲಾಯಿತು. ಹೆಸರಿರುವ ಒಬ್ಬ ಮಾತಾಡಿದರೆ ಹೆಸರಿಲ್ಲದ ನೂರು ಹುಡುಗರಿಗೆ ಧೈರ್ಯ ಬರುತ್ತದೆ. ಸಂಚಿಕೆ ಹೇಳಿದ್ದೂ ಅದನ್ನೇ.

ಲತಾ, ಮೈಸೂರು

ನಾನು ವಕೀಲೆ, ಹಾಗಾಗಿ ಕಾನೂನಿನ ಕಡೆಯಿಂದ ಒಂದು ಮಾತು. ಹುಡುಗರ ಮೇಲೆ ಭಾರ ಹಾಕಿದ್ದು ಕಥೆ ಬರೆದವರಷ್ಟೇ ಅಲ್ಲ, ಆಗಿನ ನ್ಯೂಯಾರ್ಕ್ ಕಾನೂನು ಕೂಡ. ಅತಿ ಗಂಭೀರವಾದ ಕೆಲವು ಅಪರಾಧ ಬಿಟ್ಟರೆ, ಚಿಕ್ಕ ವಯಸ್ಸಿನಲ್ಲಿ ಹೀಗಾದವರು ಹೆಚ್ಚುಕಮ್ಮಿ 23 ತುಂಬುವುದರೊಳಗೆ ಮುಂದೆ ಬರಬೇಕಿತ್ತು. ಆಮೇಲೆ ಬಂದರೆ ಪೊಲೀಸರ ಕೈ ಕಟ್ಟಿದ ಹಾಗೇ. ಹದಿಮೂರರಲ್ಲಿ ಆಗಿದ್ದನ್ನು ಇಪ್ಪತ್ತಮೂರರ ಒಳಗೆ ಹೇಳಿಬಿಡು ಅಂದರೆ ಎಷ್ಟು ಗಂಡುಮಕ್ಕಳಿಗೆ ಆಗುತ್ತದೆ? ಆ ಹೊತ್ತಿಗೆ ಸ್ಕಾಲರ್‌ಶಿಪ್ಪು, ತಂಡದ ಜಾಗ ಎಲ್ಲ ಅದೇ ಕೋಚ್ ಕೈಯಲ್ಲಿರುತ್ತದೆ.

2019ರಲ್ಲಿ ಬಂದ ಚೈಲ್ಡ್ ವಿಕ್ಟಿಮ್ಸ್ ಆಕ್ಟ್ ಇದನ್ನು ಬದಲಾಯಿಸಿತು. ಇಂಥ ಗಂಭೀರ ಕ್ರಿಮಿನಲ್ ಕೇಸಿಗೆ 28 ವರ್ಷದವರೆಗೆ, ಪರಿಹಾರದ ದಾವೆಗೆ 55ರವರೆಗೆ ಅವಕಾಶ. ಹಳೆಯ ಪ್ರಕರಣಗಳಿಗೂ ಸ್ವಲ್ಪ ಕಾಲ ಬಾಗಿಲು ತೆರೆದಿಟ್ಟರು. ಇದೇ ಸಂಚಿಕೆಯನ್ನು ಇವತ್ತು ಬರೆದರೆ ಕಥೆಯ ಗಂಟೇ ಬೇರೆ ಇರುತ್ತದೆ.

ಧಾರವಾಡದ ಪಿಟಿ ಮಾಸ್ತರ

ನಾನು ಸಂಚಿಕೆ ನೋಡಿದೆ. ನನಗೆ ನೋವಾಯಿತು, ಅದನ್ನು ಹೇಳಿಯೇ ಬಿಡುತ್ತೇನೆ ನೋಡ್ರಿ.

ಬಡ ಹುಡುಗನಿಗೆ ಶೂ ಕೊಡಿಸೋದು, ಬಸ್ ಚಾರ್ಜು ಕೊಡೋದು, ತಡವಾದರೆ ಮನೆತನಕ ಬಿಟ್ಟು ಬರೋದು, ನಾವೆಲ್ಲ ಮಾಡುವ ಕೆಲಸ. ಇಂಥ ಕಥೆಯಲ್ಲಿ ಅದೇ ಪ್ರೀತಿ ಬಲೆಯಾಗಿ ಕಾಣುತ್ತದೆ. ಇದನ್ನು ನೋಡಿದ ತಂದೆತಾಯಿ ನಾಳೆ ನನ್ನನ್ನು ಹೇಗೆ ನೋಡಬೇಕು? ಮೊದಲೇ ಆಟ ಅಂದರೆ ಟೈಮ್ ವೇಸ್ಟ್ ಅನ್ನೋ ಮಂದಿ ನಮ್ಮಲ್ಲಿ ಜಾಸ್ತಿ. ಖೊಖೊ ಆಡೋ ಹುಡುಗಿಯನ್ನು ಗ್ರೌಂಡಿಗೆ ಕಳಿಸಿರಿ ಅಂತ ನಾವು ಮನೆ ಬಾಗಿಲಿಗೆ ಹೋಗಿ ಕೇಳುತ್ತೇವೆ. ಅಮೆರಿಕದ ಒಬ್ಬ ಕೆಟ್ಟವನ ಕಥೆ ನೋಡಿ ಇಲ್ಲಿ ಬಾಗಿಲು ಹಾಕಿಕೊಂಡರೆ ನಷ್ಟ ಯಾರಿಗೆ?

ಸವಿತಾ, ಎಡಿಸನ್, ನ್ಯೂಜೆರ್ಸಿ

ಮಾಸ್ತರೇ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಕೇಳಿ, ನನ್ನ ಮಗ ಇಲ್ಲಿ ಟ್ರಾವೆಲ್ ಟೀಮಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ. ಟೂರ್ನಮೆಂಟ್ ಅಂದರೆ ಶುಕ್ರವಾರ ರಾತ್ರಿ ಬೇರೆ ರಾಜ್ಯದ ಹೋಟೆಲ್ಲು, ಭಾನುವಾರ ವಾಪಸ್ಸು. ಎಲ್ಲ ಸಲ ಅಪ್ಪ ಅಮ್ಮ ಹೋಗೋಕೆ ಆಗಲ್ಲ. ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು, ಕಾಲೇಜಿನವರಿಗೆ ಯಾರ ಹೆಸರು ಹೇಳಬೇಕು, ಎಲ್ಲ ಕೋಚ್ ಇಷ್ಟ. ಅವರ ಹತ್ತಿರ ಒಂದು ಪ್ರಶ್ನೆ ಕೇಳೋಕೂ ಪೇರೆಂಟ್ಸ್ ಹೆದರುತ್ತಾರೆ. ಮಗನ ಜಾಗ ಹೋದರೆ ಅಂತ. ಆ ಹೆದರಿಕೆಯಲ್ಲೇ ಎಲ್ಲ ಮುಚ್ಚಿಹೋಗೋದು.

ಕಿರಣ್, ಯಾರಾದರೂ ಧೈರ್ಯ ಮಾಡಿ ಮುಂದೆ ಬರ್ತಾರೆ ಅಂತ ಕಾಯೋಕೆ ಆಗಲ್ಲ. ಅಯೋವಾದ ಗ್ರೆಗ್ ಸ್ಟೀಫನ್ ಕೇಸ್ ನೋಡಿ. ಹೆಸರಾಂತ ಯುವ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್. 400ಕ್ಕೂ ಹೆಚ್ಚು ಹುಡುಗರು ಅವನಿಗೆ ಬಲಿಯಾಗಿದ್ದರು. ಹೋಟೆಲ್ ರೂಮಿನಲ್ಲಿ ಗುಟ್ಟಾಗಿ ವಿಡಿಯೊ ಮಾಡುತ್ತಿದ್ದ. ಸೋಷಿಯಲ್ ಮೀಡಿಯಾದಲ್ಲಿ ಹುಡುಗಿಯ ಹೆಸರಿಟ್ಟುಕೊಂಡು ಹುಡುಗರಿಂದ ಚಿತ್ರ ತರಿಸಿಕೊಳ್ಳುತ್ತಿದ್ದ. 2019ರಲ್ಲಿ 180 ವರ್ಷ ಶಿಕ್ಷೆಯಾಯಿತು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಅವನ ಮನೆಯಲ್ಲಿದ್ದ ಪೆನ್ ಡ್ರೈವ್ ಸಂಬಂಧಿಕರೊಬ್ಬರ ಕೈಗೆ ಸಿಕ್ಕಿತು. ಅದು ಸಿಗದೇ ಹೋಗಿದ್ದರೆ?

ರಘು, ತೀರ್ಥಹಳ್ಳಿ

ಸವಿತಾ ಅವರೇ, ನನ್ನ ಮಾತೂ ಅದೇ. ಕಿರಣ್ ಹೇಳಿದ ಕೆನಡಿ ದೊಡ್ಡ ಮನುಷ್ಯ, ಅನುಮಾನವೇ ಬೇಡ. ಆದರೆ ಎನ್‌ಎಚ್‌ಎಲ್‌ವರೆಗೆ ಹೋಗದ ಹುಡುಗ ಹೇಳಿದ್ದರೆ ಅಷ್ಟು ಜನ ಕೇಳುತ್ತಿದ್ದರಾ? ಸ್ಟಾರ್ ಆದಮೇಲೆ ಮಾತ್ರ ನಂಬುತ್ತೇವೆ ಅಂದರೆ, ಸ್ಟಾರ್ ಆಗದವನಿಗೆ ನ್ಯಾಯ ಇಲ್ಲ ಅಂತಾಯಿತು.

ಇನ್ನೊಂದು. ಈ ಸಂಚಿಕೆ ಬಂದು ತಿಂಗಳೊಪ್ಪತ್ತಿನಲ್ಲಿ, 2011ರ ನವೆಂಬರ್ ಮೊದಲ ವಾರ, ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜೆರ್ರಿ ಸ್ಯಾಂಡಸ್ಕಿ ಬಂಧನವಾಯಿತು. ಅಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಸಹಾಯಕ ಕೋಚ್ ಆಗಿದ್ದವನು. ಬಡ ಮಕ್ಕಳಿಗಾಗಿ 'ಸೆಕೆಂಡ್ ಮೈಲ್' ಅನ್ನುವ ಸಂಸ್ಥೆ ಕಟ್ಟಿ, ಅಲ್ಲಿಗೆ ಬಂದ ಹುಡುಗರನ್ನೇ ಹಾಳು ಮಾಡಿದ. 2012ರಲ್ಲಿ 45 ಆರೋಪ ಸಾಬೀತಾದವು. ಅಲ್ಲಿ ನಡೆದದ್ದು ಕೇಳಿ. 2001ರಲ್ಲೇ ಮೈಕ್ ಮೆಕ್ವೀರಿ ಅನ್ನುವ ಯುವ ಸಹಾಯಕ, ಸ್ನಾನದ ಕೋಣೆಯಲ್ಲಿ ಸ್ಯಾಂಡಸ್ಕಿಯನ್ನು ಒಬ್ಬ ಹುಡುಗನ ಜೊತೆ ಕಣ್ಣಾರೆ ಕಂಡಿದ್ದರು. ಮಾರನೇ ದಿನ ಮುಖ್ಯ ಕೋಚ್ ಜೋ ಪಟೆರ್ನೊಗೆ ಹೇಳಿದರು. ಪಟೆರ್ನೊ ಮೇಲಿನವರಿಗೆ ಹೇಳಿದರು. ಅಲ್ಲಿಂದ ಮುಂದಿನ ಮೇಲಿನವರಿಗೆ ಹೋಯಿತು. ಯಾರೂ ಪೊಲೀಸರಿಗೆ ಫೋನ್ ಮಾಡಲಿಲ್ಲ. ಇನ್ನೂ ಹತ್ತು ವರ್ಷ ಅವನು ಆರಾಮಾಗಿ ಓಡಾಡಿಕೊಂಡಿದ್ದ. ದೊಡ್ಡವರಿಗೆ ಗೊತ್ತಿತ್ತು ರೀ! ಪೊಲೀಸ್ ಧಾರಾವಾಹಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ?

ಕಿರಣ್ ಎಂ.

ಒಳ್ಳೆಯ ಕಥೆ ಹೌದು. ಆದರೆ ನಲವತ್ತು ಚಿಲ್ಲರೆ ನಿಮಿಷದ ಸಂಚಿಕೆಯಲ್ಲಿ ಆಫೀಸಿನ ಫೈಲು ತಿರುವಿದರೆ ಯಾರು ನೋಡ್ತಾರೆ? ಗಂಡಸರು ಇಂಥದ್ದನ್ನು ಹೇಳಿಕೊಳ್ಳೋದೇ ಅಪರೂಪ. ಬಲಶಾಲಿ, ದುಡ್ಡಿರುವ, ಹೆಸರಿರುವ ಆಟಗಾರ ಕೂಡ ಬಾಯಿ ಬಿಡಲಾಗದೆ ಒದ್ದಾಡುತ್ತಾನೆ ಅಂತ ತೋರಿಸಿದ್ದು ಸಣ್ಣ ವಿಷಯ ಅಲ್ಲ. ನನ್ನ ಗೆಳೆಯನೊಬ್ಬ ಇಂಥದ್ದೇ ಒಂದು ಕಥೆ ನೋಡಿದ ಮೇಲೆ ತನ್ನ ಹಾಸ್ಟೆಲಿನ ದಿನಗಳ ಬಗ್ಗೆ ಮೊದಲ ಸಲ ಮಾತಾಡಿದ. ಆ ಬೆಲೆ ನನಗೆ ಗೊತ್ತು. ಅದಕ್ಕೇ ಇಷ್ಟು ವಾದ ಮಾಡ್ತಿದ್ದೇನೆ.

ಸವಿತಾ, ಎಡಿಸನ್, ನ್ಯೂಜೆರ್ಸಿ

ಕಿರಣ್, ನಿಮ್ಮ ಗೆಳೆಯರಿಗೆ ಒಳ್ಳೆಯದಾಗಲಿ. ಅವರ ಮಾತು ಕೇಳೋಕೆ ನೀವು ಜೊತೆಗಿದ್ರಿ, ಅದು ದೊಡ್ಡದು.

ಮಾಸ್ತರೇ, ಇಲ್ಲಿ ಈಗ ಏನು ಬದಲಾಗಿದೆ ಹೇಳುತ್ತೇನೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಲ್ಯಾರಿ ನಾಸರ್ ಹುಡುಗಿಯರ ಮೇಲೆ ದೌರ್ಜನ್ಯ ಮಾಡಿದ ಪ್ರಕರಣ ಆದಮೇಲೆ 2018ರಲ್ಲಿ ಕಾನೂನು ಬಂತು. ಮಕ್ಕಳ ಆಟದಲ್ಲಿ ಕೆಲಸ ಮಾಡುವ ದೊಡ್ಡವರಿಗೆ ಅನುಮಾನ ಬಂದರೆ 24 ಗಂಟೆಯೊಳಗೆ ತಿಳಿಸಲೇಬೇಕು. ಸೇಫ್‌ಸ್ಪೋರ್ಟ್ ಅಂತ ಪ್ರತ್ಯೇಕ ಸಂಸ್ಥೆ ಇದೆ. ಒಲಿಂಪಿಕ್ ಕ್ರೀಡಾ ಸಂಘಗಳಿಗೆ ಅದರ ನಿಯಮ ಸರಳ. ಕೋಚ್ ಮತ್ತು ಮಗು ಇಬ್ಬರೇ ಇದ್ದರೆ ಅದು ಇನ್ನೊಬ್ಬರಿಗೆ ಕಾಣುವ ಜಾಗವಾಗಿರಬೇಕು, ಯಾರು ಬೇಕಾದರೂ ನಡುವೆ ಬರುವ ಹಾಗಿರಬೇಕು. ಮೆಸೇಜ್ ಕಳಿಸಿದರೆ ತಂದೆತಾಯಿಗೂ ಹೋಗಬೇಕು. ನಮ್ಮ ಕ್ಲಬ್ ಆ ಸಂಘಗಳ ಕೆಳಗೆ ಬರಲ್ಲ. ಆದರೂ ನಾವು ಪೇರೆಂಟ್ಸ್ ಸೇರಿ ಮೆಸೇಜ್ ನಿಯಮ ಹಾಕಿಸಿದೆವು. ಈಗ "ನಾಳೆ ಆರಕ್ಕೆ ಪ್ರಾಕ್ಟೀಸ್, ಮಂಡಿಗೆ ಐಸ್ ಇಟ್ಟುಕೋ" ಅಂತ ಕೋಚ್ ಮಗನಿಗೆ ಕಳಿಸಿದರೆ ನನ್ನ ಫೋನೂ ಟಿಂಗ್ ಅನ್ನುತ್ತದೆ. ಒಳ್ಳೆಯ ಕೋಚ್‌ಗೆ ಇದರಿಂದ ಅವಮಾನ ಆಗಿಲ್ಲ. ಅವರೇ ಖುಷಿಯಾಗಿದ್ದಾರೆ, ನಾಳೆ ಸುಳ್ಳು ಆರೋಪ ಬಂದರೆ ಅವರ ಬೆನ್ನಿಗೂ ಸಾಕ್ಷಿ ಇದೆ ಅಂತ.

ಧಾರವಾಡದ ಪಿಟಿ ಮಾಸ್ತರ

ಮೆಸೇಜಿನ ಮಾತು ಒಪ್ಪಿದೆ ಸವಿತಾ ಅವರೇ, ನಾಳೆಯಿಂದಲೇ ಮಾಡಬಹುದು. ಕಾಣುವ ಜಾಗದ ನಿಯಮಕ್ಕೂ ತಕರಾರಿಲ್ಲ. ಆದರೆ ನಮ್ಮ ಪರಿಸ್ಥಿತಿ ಕೇಳಿ. ಸಾಲಿಗೆ ನಾನೊಬ್ಬನೇ ಪಿಟಿ ಟೀಚರ್. ಜಿಲ್ಲಾ ಮಟ್ಟದ ಪಂದ್ಯಕ್ಕೆ ಹುಡುಗ ಹುಡುಗಿಯರನ್ನು ಒಂದೇ ಬಸ್ಸಿನಲ್ಲಿ ಕರೆದುಕೊಂಡು ಹೋಗುವವನೂ ನಾನೇ. ಜೊತೆಗೆ ಒಬ್ಬ ಟೀಚರ್ ಅಕ್ಕೋರನ್ನು ಕಳಿಸಿ ಅಂದರೆ ಪಾಠ ಯಾರು ಮಾಡ್ತಾರೆ ಅಂತಾರೆ. ಅವರ ಬಸ್ ಚಾರ್ಜು, ಊಟ ಯಾರು ಕೊಡಬೇಕು? ನಿಯಮ ಮಾಡುವವರು ಆ ದುಡ್ಡನ್ನೂ ಕೊಡಲಿ.

ಲತಾ, ಮೈಸೂರು

ಮಾಸ್ತರೇ, ನೀವು ಕೇಳುತ್ತಿರುವುದು ಉಪಕಾರ ಅಲ್ಲ. ನಮ್ಮ ದೇಶದ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ) ಕಾನೂನಿನ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ಮುಚ್ಚಿಟ್ಟರೆ 21ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ರಘು ಕೇಳುತ್ತಿರುವ ದೊಡ್ಡವರ ಹೊಣೆ ನಮ್ಮಲ್ಲಿ 2012ರಿಂದ ಕಾನೂನಿನಲ್ಲೇ ಇದೆ. ದೂರಿಗೆ ಕಾಲಮಿತಿ ಇಲ್ಲ ಅಂತಲೂ 2018ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟ ಮಾಡಿತು. ಜೊತೆಗೆ ಒಬ್ಬರು ಬೇಕು ಅನ್ನುವುದನ್ನು ಹೆಡ್‌ಮಾಸ್ಟರ್‌ಗೆ ಬಾಯಲ್ಲಿ ಹೇಳಬೇಡಿ. ಅರ್ಜಿ ಬರೆದು ಕೊಟ್ಟು, ಪ್ರತಿಯ ಮೇಲೆ ಸಹಿ ತಗೊಳ್ಳಿ.

ಧಾರವಾಡದ ಪಿಟಿ ಮಾಸ್ತರ

ಅರ್ಜಿಯ ಒಕ್ಕಣೆ ನೀವೇ ಬರೆದು ಇಲ್ಲಿ ಹಾಕಿರಿ ಮೇಡಂ. ನಮ್ಮ ತಾಲ್ಲೂಕಿನ ಉಳಿದ ಪಿಟಿ ಮಾಸ್ತರರಿಗೂ ಕಳಿಸುತ್ತೇನೆ.