ಫೋನಿನಲ್ಲಿ ಸಮಯ ಹೇಳುವ ದನಿ: ರೆಕಾರ್ಡಿಂಗ್ ಹೇಗೆ?

ಪ್ರಶ್ನೆ (ಸಕಲೇಶಪುರ): ಇಲ್ಲಿನ ಸಂಘವೊಂದು ತನ್ನ ಫೋನ್ ಲೈನಿಗೆ ಕನ್ನಡದಲ್ಲಿ ಸಮಯ ಹೇಳುವ ಸೇವೆ ಹಾಕುತ್ತಿದೆ, ದನಿ ನನ್ನದು. ಹತ್ತು ಸೆಕೆಂಡಿಗೊಮ್ಮೆ ಸಮಯ, ಕೊನೆಗೆ ಬೀಪ್. 1ರಿಂದ 59ರವರೆಗೆ ಸಾಲಾಗಿ ಓದಿಕೊಟ್ಟರೆ ಸಾಕಾ? ಹೆಂಚಿನ ಮನೆ, ಮಳೆ ಬೇರೆ.

ಉತ್ತರ 1 (ಹಾಸನ): ಸಾಲಾಗಿ ಮಾತ್ರ ಬೇಡ, ಮಗ್ಗಿ ಒಪ್ಪಿಸುವ ರಾಗ ಬಂದುಬಿಡುತ್ತೆ. ಸಂಖ್ಯೆಗಳನ್ನು ಕಲಸಿ, ಪೂರ್ತಿ ವಾಕ್ಯದಲ್ಲೇ ಓದಿ: ‘ಬೀಪ್ ಸದ್ದಿಗೆ ಸಮಯ ಸಂಜೆ ಆರು ಗಂಟೆ ಇಪ್ಪತ್ತೊಂದು ನಿಮಿಷ’. ಆಮೇಲೆ ಕತ್ತರಿಸಲಿ. ಇಪ್ಪತ್ತು, ಒಂದು ಅಂತ ಬೇರೆ ಬೇರೆ ಹೇಳಿ ಅಂಟಿಸುವ ಉಳಿತಾಯ ನಮ್ಮ ಭಾಷೆಯಲ್ಲಿ ನಡೆಯಲ್ಲ, ‘ನಿಮಿಷ’ವೂ ಸಂಖ್ಯೆಯ ಜೊತೆಗೇ ಇರಲಿ.

ನಿಮಿಷಗಳು ಎರಡೆರಡು ಸಲ ಬೇಕು. ಮುಂದೆ ಸೆಕೆಂಡು ಬರುವಾಗ ದನಿ ತುಸು ಮೇಲೆ ನಿಲ್ಲುತ್ತೆ, ವಾಕ್ಯ ಅಲ್ಲಿಗೇ ಮುಗಿಯುವಾಗ ಕೆಳಗಿಳಿಯುತ್ತೆ. ಗಂಟೆಗಳಿಗೂ ಇದೇ ಲೆಕ್ಕ. ನಿಮಿಷ 118, ಗಂಟೆ 24, ಸೆಕೆಂಡು 5, ಹೊತ್ತಿನ ಹೆಸರು 4, ಶುರುವಿನ ಮಾತು 1: ಒಟ್ಟು 152 ತುಣುಕು.

ಮೊದಲು ‘ರಾತ್ರಿ ಹನ್ನೊಂದು ಗಂಟೆ ಐವತ್ತೊಂಬತ್ತು ನಿಮಿಷ ಐವತ್ತು ಸೆಕೆಂಡು’ ಹೇಳಿ ನೋಡಿ. ಶುರುವಿನ ಮಾತೂ ಸೇರಿ 8 ಸೆಕೆಂಡಿನೊಳಗೆ ಮುಗಿಯಬೇಕು, ಇಲ್ಲದಿದ್ದರೆ ಬೀಪ್ ಮೈಮೇಲೇ ಬರುತ್ತೆ. ಮೂವತ್ತೊಂದು, ಮೂವತ್ತೊಂಬತ್ತು ಫೋನಿನಲ್ಲಿ ಒಂದೇ ಥರ ಕೇಳಿಸ್ತವೆ, ‘ಬ’ ನುಂಗಬೇಡಿ.

ಉತ್ತರ 2 (ಚಿಕ್ಕಮಗಳೂರು): ತಾಂತ್ರಿಕ ಕಡೆ ಇಷ್ಟು. ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯುತ್ತೆ ಅನ್ನೋದು) 48 ಕಿಲೋಹರ್ಟ್ಸ್, 24 ಬಿಟ್, ಮೊನೊ ವೇವ್ ಫೈಲ್, ಎಂಪಿ3 ಬೇಡ. ಮೈಕಿಗೆ 15–20 ಸೆಂ.ಮೀ. ದೂರ, ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆಗೆ. ಮಾಮೂಲಿ ಫೋನ್ ಲೈನು 300ರಿಂದ 3400 ಹರ್ಟ್ಸ್‌ವರೆಗೆ ಮಾತ್ರ ಸಾಗಿಸುತ್ತೆ, ಹಾಗಾಗಿ ‘ಸೆಕೆಂಡು’ವಿನ ‘ಸ’ ಮಂಕಾಗೋದು ಸಹಜ, ಒತ್ತಿ ಹೇಳಿದರೂ ಸರಿಹೋಗಲ್ಲ. ಸ್ಯಾಂಪಲ್ ದರ 8 ಕಿಲೋಹರ್ಟ್ಸ್‌ಗೆ ಇಳಿಸಿ ಹ್ಯಾಂಡ್‌ಸೆಟ್ಟಿನಲ್ಲೇ ಕೇಳಿ, ಹೆಡ್‌ಫೋನ್ ನಂಬಬೇಡಿ. ಇಳಿಸುವಾಗ ತೀರಾ ಕೀರಲು ಸದ್ದು ತಡೆಯುವ ಫಿಲ್ಟರ್ ಹಾಕದಿದ್ದರೆ ಜೀರುಂಡೆಯ ಸದ್ದು ಸಿಳ್ಳೆಯಾಗಿ ಒಳಗೆ ನುಸುಳುತ್ತೆ.

ಮಳೆಯ ಸದ್ದು ಹಾಗಲ್ಲ, ಮಾತಿನ ಹರ್ಟ್ಸ್ ವ್ಯಾಪ್ತಿಯಲ್ಲೇ ಕೂತಿರುತ್ತೆ. ಆಮೇಲೆ ತೆಗೆದರೆ ದನಿ ನೀರೊಳಗಿಂದ ಬಂದಂತಾಗುತ್ತೆ. ತಾರಸಿ ಕೆಳಗಿನ ಕೋಣೆ ಹುಡುಕಿ, ಗೋಡೆಗೆ ಕಂಬಳಿ ಕಟ್ಟಿ. 152ನ್ನೂ ಒಂದೇ ದಿನ ಮುಗಿಸಿ. ಮತ್ತೆ ಓದಬೇಕಾದರೆ ಅದೇ ಹೊತ್ತಿಗೆ ಕೂರಿ, ಬೆಳಗಿನ ಗಂಟಲು ದಪ್ಪ ಇರುತ್ತೆ.

ಉತ್ತರ 3: ಲಂಡನ್ನಿನ ಫೋನ್ ಸಮಯ ಸೇವೆಗೆ 1935ರಲ್ಲಿ ಸ್ಪರ್ಧೆ ನಡೆಸಿ ಆರಿಸಿದ್ದು ಟೆಲಿಫೋನ್ ಆಪರೇಟರ್ ಎಥೆಲ್ ಕೇನ್ ಅವರನ್ನು. ಗಾಜಿನ ತಟ್ಟೆಗಳ ಮೇಲೆ ಅವರದೂ ಹೀಗೇ ತುಣುಕು ತುಣುಕಾದ ದನಿ, 1963ರವರೆಗೆ ಓಡಿತು. ನಿಮ್ಮದೂ ಅಷ್ಟು ವರ್ಷ ಓಡಬಹುದು, ಹಾಗಾಗಿ ಕರಾರು ಬರಹದಲ್ಲಿರಲಿ: ಸಮಯ ಸೇವೆಗೆ ಮಾತ್ರ, ಈ ದನಿಯಿಂದ ಕೃತಕ ದನಿ ತಯಾರಿಸುವಂತಿಲ್ಲ.

ಪ್ರಶ್ನೆ ಕೇಳಿದವರು: ಬೀಪ್ ಕೂಡ ನಾನೇ ಕೊಡಬೇಕಾ?

ಉತ್ತರ 2: ಬೇಡ. 1000 ಹರ್ಟ್ಸ್ ಬೀಪನ್ನು ಸರ್ವರ್ರೇ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ ಸರಿಹೊಂದಿಸುವ ವ್ಯವಸ್ಥೆ) ಗಡಿಯಾರ ನೋಡಿ ಹಾಕಲಿ. ಮೊಬೈಲಿನಲ್ಲಿ ಕೇಳುವವರಿಗೆ ಅದು ತುಸು ತಡವಾಗಿಯೇ ತಲುಪುತ್ತೆ, ಅದಕ್ಕೆ ನೀವು ಏನೂ ಮಾಡೋ ಹಾಗಿಲ್ಲ.